ಒಂದೇ ಆಟಕ್ಕೆ ಹತ್ತು ಟ್ಯಾಗ್: ತಿದ್ದಬೇಕೆ, ಬಿಡಬೇಕೆ?

ಪ್ರಶ್ನೆ: ಕುಂದಾಪುರದ ಸುತ್ತಮುತ್ತ ಇರುವ ನಾವು ಇಪ್ಪತ್ತು ಮಂದಿ ಯಕ್ಷಗಾನದ ಮರುಳಿನವರು. ಮನೆಮನೆಯ ಆಲ್ಬಮ್‌ಗಳಲ್ಲಿ ಉಳಿದಿದ್ದ ಹಳೆಯ ಆಟಗಳ ಫೋಟೊಗಳನ್ನು ಸ್ಕ್ಯಾನ್ ಮಾಡಿ ಒಂದು ಫೋಟೊ ತಾಣಕ್ಕೆ ಏರಿಸುತ್ತಿದ್ದೇವೆ. ಈಗ ನಾಲ್ಕು ಸಾವಿರದ ಹತ್ತಿರ ಆಗಿದೆ. ಯಾರು ಏರಿಸುತ್ತಾರೋ ಅವರೇ ಟ್ಯಾಗ್ ಹಾಕುತ್ತಾರೆ. ಒಬ್ಬರು ‘ಯಕ್ಷಗಾನ’ ಎಂದು ಹಾಕಿದರೆ ಇನ್ನೊಬ್ಬರು ‘ಆಟ’, ಮತ್ತೊಬ್ಬರು ‘ಬಯಲಾಟ’, ಕೆಲವರು ಇಂಗ್ಲಿಷ್ ಅಕ್ಷರದಲ್ಲಿ. ಹುಡುಕಲು ಹೋದರೆ ಅರ್ಧಕ್ಕರ್ಧ ಸಿಗುವುದೇ ಇಲ್ಲ. ಒಂದು ಪಟ್ಟಿ ಮಾಡಿ, ಅದರಿಂದಾಚೆ ಯಾರೂ ಟ್ಯಾಗ್ ಹಾಕಕೂಡದು ಎಂದು ಕಟ್ಟುಮಾಡೋಣ ಎನ್ನುವವರು ಕೆಲವರು. ಹಾಗೆ ಮಾಡಿದರೆ ಇದ್ದವರೂ ಹಾಕುವುದನ್ನು ಬಿಡುತ್ತಾರೆ ಎನ್ನುವವರು ಕೆಲವರು. ಸೋಷಿಯಲ್ ಮೀಡಿಯಾದಲ್ಲಿ ಕೋಟ್ಯಂತರ ಜನ ಮನಸ್ಸಿಗೆ ಬಂದ ಹಾಗೆ ಟ್ಯಾಗ್ ಹಾಕಿದರೂ ಎಲ್ಲ ಸಿಗುತ್ತದಲ್ಲ, ನಮ್ಮಲ್ಲಿ ಮಾತ್ರ ಯಾಕೆ ಹೀಗೆ? ನಮ್ಮ ಟ್ಯಾಗ್‌ಗಳ ಪಟ್ಟಿಯನ್ನೂ ಜೊತೆಗೆ ಕಳಿಸಿದ್ದೇನೆ.

ಉತ್ತರ: ನಿಮ್ಮ ಎರಡೂ ಪಕ್ಷದವರು ಹೇಳುತ್ತಿರುವುದು ಸರಿಯೇ. ಪಟ್ಟಿ ಬೇಕು. ಆದರೆ ಫೋಟೊ ಏರಿಸುವವರ ಕೈಗೆ ಅದನ್ನು ಕೊಡಬೇಡಿ. ಅವರು ಹಾಕಿದ್ದನ್ನು ಆಮೇಲೆ ಕೂತು ಜೋಡಿಸುವ ಇಬ್ಬರು ಮೂವರ ಕೈಯಲ್ಲಿ ಅದು ಇರಲಿ. ಯಾಕೆ ಎನ್ನುವುದಕ್ಕೆ ಉತ್ತರ ನಿಮ್ಮ ಕೊನೆಯ ಪ್ರಶ್ನೆಯೊಳಗೇ ಇದೆ, ಅಲ್ಲಿಂದಲೇ ಶುರುಮಾಡುತ್ತೇನೆ.

ಟ್ಯಾಗ್ ಹಾಕುವ ರೂಢಿಯನ್ನು ಜನರಿಗೆ ಹತ್ತಿಸಿದ್ದು ‘ಡೆಲಿಶಿಯಸ್’ ಎಂಬ ತಾಣ. ಜೋಶುವಾ ಶಾಕ್ಟರ್ ಎಂಬ ಅಮೆರಿಕದ ಪ್ರೋಗ್ರಾಮರ್ 2003ರಲ್ಲಿ ಅದನ್ನು ಕಟ್ಟಿದರು. ಕೆಲಸ ಬಹಳ ಸರಳ: ಇಷ್ಟವಾದ ವೆಬ್ ಪುಟದ ವಿಳಾಸವನ್ನು ಅಲ್ಲಿ ಉಳಿಸಿಕೊಳ್ಳುವುದು, ಆಮೇಲೆ ತನಗೆ ಸಿಗಲಿ ಎಂದು ಅದಕ್ಕೆ ನಾಲ್ಕು ಪದ ಅಂಟಿಸುವುದು. ಇಂಥ ಪದವನ್ನೇ ಹಾಕಿ ಎಂದು ಯಾರೂ ಹೇಳುವಂತಿರಲಿಲ್ಲ. ಫೋಲ್ಡರ್‌ನಲ್ಲಿ ಒಂದು ಪುಟ ಒಂದೇ ಕಡೆ ಇರಬೇಕು, ಇಲ್ಲಿ ಅದೇ ಪುಟ ಏಕಕಾಲಕ್ಕೆ ‘ಅಡುಗೆ’ಯಲ್ಲೂ ‘ರಸಾಯನಶಾಸ್ತ್ರ’ದಲ್ಲೂ ಇರಬಹುದಿತ್ತು. ಜನ ಟ್ಯಾಗ್ ಹಾಕುತ್ತಿದ್ದದ್ದು ತಮ್ಮ ತಮ್ಮ ಅನುಕೂಲಕ್ಕೆ. ಆದರೆ ತಾಣ ಅದನ್ನೆಲ್ಲ ಎಲ್ಲರಿಗೂ ಕಾಣುವಂತೆ ಇಟ್ಟಿತ್ತು. ಸಾವಿರ ಜನ ಒಂದೇ ಪುಟವನ್ನು ಉಳಿಸಿಕೊಂಡರೆ, ಆ ಪುಟ ಯಾವುದರ ಬಗ್ಗೆ ಎಂದು ಸಾವಿರ ಜನರ ಅಭಿಪ್ರಾಯ ಪುಕ್ಕಟೆಯಾಗಿ ಸಿಕ್ಕಂತಾಗುತ್ತಿತ್ತು.

ಹ್ಯೂಲೆಟ್-ಪ್ಯಾಕರ್ಡ್ ಪ್ರಯೋಗಾಲಯದ ಸ್ಕಾಟ್ ಗೋಲ್ಡರ್ ಮತ್ತು ಬರ್ನಾರ್ಡೊ ಹ್ಯೂಬರ್ಮನ್ 2005ರಲ್ಲಿ ಈ ರಾಶಿಯನ್ನು ಕೆದಕಿ ನೋಡಿದರು. ಒಂದು ಪುಟವನ್ನು ನೂರರಷ್ಟು ಜನ ಉಳಿಸಿಕೊಳ್ಳುವ ಹೊತ್ತಿಗೆ ಟ್ಯಾಗ್‌ಗಳ ಪ್ರಮಾಣ ಹೆಚ್ಚುಕಡಿಮೆ ಒಂದು ಕಡೆ ನಿಂತುಬಿಡುತ್ತಿತ್ತು. ನೂರಕ್ಕೆ ಇಷ್ಟು ಜನ ಈ ಪದ, ಇಷ್ಟು ಜನ ಆ ಪದ ಎಂಬ ಲೆಕ್ಕ ಆಮೇಲೆ ಎಷ್ಟು ಜನ ಬಂದರೂ ಹೆಚ್ಚು ಕದಲುತ್ತಿರಲಿಲ್ಲ. ಯಾರೂ ಸಭೆ ಸೇರಿರಲಿಲ್ಲ, ನಿಯಮ ಬರೆದಿರಲಿಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ಹಾಕುವುದು ಒಂದು ಕಾರಣ. ಒಂದೇ ವಿಷಯ ಬಲ್ಲ ಜನರ ಬಾಯಲ್ಲಿ ಅವೇ ಪದಗಳು ಇರುತ್ತವೆ ಎನ್ನುವುದು ಇನ್ನೊಂದು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಒಂದೇ ವಸ್ತುವಿಗೆ ನೂರು ಜನ ಟ್ಯಾಗ್ ಹಾಕಿದಾಗ ಮಾತ್ರ ಇದು ನಡೆಯುವುದು. ತಪ್ಪು ಕಾಗುಣಿತ, ಒಬ್ಬರಿಗಷ್ಟೇ ಅರ್ಥವಾಗುವ ಪದ, ಅಡ್ಡನಾಮ ಇವೆಲ್ಲ ಆ ನೂರರಲ್ಲಿ ಕರಗಿಹೋಗುತ್ತವೆ. ಜನರೇ ಕಟ್ಟುವ ಇಂಥ ವಿಂಗಡಣೆಗೆ 2004ರಲ್ಲಿ ‘ಫೋಕ್ಸಾನಮಿ’ ಎಂದು ಹೆಸರಿಟ್ಟ ಥಾಮಸ್ ವಾಂಡರ್ ವಾಲ್ ಮರುವರ್ಷವೇ ಇದರಲ್ಲಿ ಎರಡು ಬಗೆ ಗುರುತಿಸಿದರು. ಒಂದೇ ವಸ್ತುವಿಗೆ ಬಹಳ ಜನ ಟ್ಯಾಗ್ ಹಾಕುವುದು ವಿಶಾಲ ಬಗೆ, ಡೆಲಿಶಿಯಸ್ ಆ ಜಾತಿಯದು. ವಸ್ತುವಿನ ಒಡೆಯರೋ ಅವರ ಆಪ್ತರೋ ಮಾತ್ರ ಹಾಕುವುದು ಕಿರಿದಾದ ಬಗೆ. ಫ್ಲಿಕರ್‌ನಂಥ ಫೋಟೊ ತಾಣಗಳು ಈ ಎರಡನೆಯದಕ್ಕೆ ಸೇರಿದವು.

ನಿಮ್ಮದು ಕಿರಿದಾದ ಬಗೆ. ನಾಲ್ಕು ಸಾವಿರ ಫೋಟೊ ಇದ್ದರೂ ಒಂದೊಂದು ಫೋಟೊದ ಮಟ್ಟಿಗೆ ಟ್ಯಾಗ್ ಹಾಕಿದವರು ಒಬ್ಬರೇ. ಆ ಒಬ್ಬರು ‘ಆಟ’ ಎಂದು ಹಾಕಿದರೆ ಆ ಫೋಟೊದ ಮೇಲೆ ‘ಯಕ್ಷಗಾನ’ ಎಂಬ ಪದ ಎಂದೆಂದಿಗೂ ಬರುವುದಿಲ್ಲ. ಇನ್ನೂ ಹದಿನಾರು ಸಾವಿರ ಫೋಟೊ ಸೇರಿಸಿದರೂ ಇದು ತಾನಾಗಿ ಸರಿಹೋಗುವುದಿಲ್ಲ, ಬದಲಿಗೆ ಇನ್ನಷ್ಟು ಹರಡಿಕೊಳ್ಳುತ್ತದೆ. ನಿಮ್ಮವರ ತಪ್ಪು ಇದರಲ್ಲಿ ಏನೂ ಇಲ್ಲ. ಗುಂಪಿನ ಬಲ ಸಿಗುವ ಕಡೆ ನೀವು ಇಲ್ಲ, ಅಷ್ಟೇ.

ಇನ್ನು ಸೋಷಿಯಲ್ ಮೀಡಿಯಾದಲ್ಲಿ ‘ಎಲ್ಲ ಸಿಗುತ್ತದೆ’ ಎಂದಿರಿ. ಸಿಗದೇ ಹೋದದ್ದು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಹಾಗೆ ಅನ್ನಿಸುತ್ತದೆ. ಜೊತೆಗೆ ಇಂದು ನಿಮ್ಮ ಫೋನಿನಲ್ಲಿ ಮೇಲೆ ತೇಲಿಬರುವ ಬಹುಪಾಲು ಸಂಗತಿಗೆ ಟ್ಯಾಗ್ ಕಾರಣವಲ್ಲ. ನೀವು ಹಿಂದೆ ಏನು ನೋಡಿದಿರಿ, ಎಷ್ಟು ಹೊತ್ತು ನೋಡಿದಿರಿ ಎಂಬ ಲೆಕ್ಕದ ಮೇಲೆ ತಾಣವೇ ಅದನ್ನು ತಂದು ಎದುರಿಗಿಡುತ್ತದೆ. ಹ್ಯಾಶ್‌ಟ್ಯಾಗ್ ಹುಟ್ಟಿದ್ದೂ ಕಡತ ಕಾಪಾಡಲಿಕ್ಕಲ್ಲ, ಜನರನ್ನು ಒಂದು ಕಡೆ ಕೂಡಿಸಲಿಕ್ಕೆ. 2007ರ ಆಗಸ್ಟ್ 23ರಂದು ಕ್ರಿಸ್ ಮೆಸಿನಾ ಎಂಬುವವರು ಗುಂಪುಗಳನ್ನು ಗುರುತಿಸಲು # ಬಳಸಿದರೆ ಹೇಗೆ ಎಂದು ಟ್ವಿಟರ್‌ನಲ್ಲಿ ಕೇಳಿದರು. ಅದೇ ಅಕ್ಟೋಬರ್‌ನಲ್ಲಿ ಸ್ಯಾನ್ ಡಿಯಾಗೊ ಕಡೆ ಕಾಡ್ಗಿಚ್ಚು ಹಬ್ಬಿದಾಗ ಸುದ್ದಿ ಒಟ್ಟುಗೂಡಿಸಲು ಜನ ಅದನ್ನು ಬಳಸಿದರು, ಆಗ ಅದರ ಉಪಯೋಗ ಎಲ್ಲರ ಕಣ್ಣಿಗೂ ಬಿತ್ತು. ಟ್ವಿಟರ್ ಅದನ್ನು ಒತ್ತಬಲ್ಲ ಕೊಂಡಿಯಾಗಿ ಮಾಡಿದ್ದು 2009ರಲ್ಲಿ. ಬೆಂಕಿ ಆರಿದ ಮೇಲೆ ಆ ಟ್ಯಾಗ್ ಯಾರಿಗೂ ಬೇಕಿಲ್ಲ, ಅದರ ಆಯುಷ್ಯವೇ ಅಷ್ಟು. ನಿಮಗೆ ಬೇಕಿರುವುದು ಮೂವತ್ತು ವರ್ಷದ ನಂತರವೂ ಒಬ್ಬ ಕಲಾವಿದರ ಮೊಮ್ಮಗಳಿಗೆ ಅಜ್ಜನ ಫೋಟೊ ಹುಡುಕಿಕೊಡುವ ಟ್ಯಾಗ್. ಎರಡಕ್ಕೂ ಹೆಸರು ಒಂದೇ ಇದೆ ಎಂದು ಕೆಲಸವೂ ಒಂದೇ ಎಂದುಕೊಳ್ಳಬೇಡಿ.

ಹ್ಯಾಶ್‌ಟ್ಯಾಗ್‌ನಿಂದ ಇನ್ನೊಂದು ಕೆಟ್ಟ ಅಭ್ಯಾಸವೂ ಬರುತ್ತದೆ. ತನಗೋಸ್ಕರ ಟ್ಯಾಗ್ ಹಾಕಿಕೊಳ್ಳುವವರು ಸುಳ್ಳು ಹೇಳುವುದಿಲ್ಲ, ಹೇಳಿದರೆ ನಷ್ಟ ಅವರಿಗೇ. ಇನ್ನೊಬ್ಬರ ಗಮನ ಸೆಳೆಯಲು ಹಾಕತೊಡಗಿದ ಕೂಡಲೇ ಸಂಬಂಧವಿಲ್ಲದ ಇಪ್ಪತ್ತು ಪದಗಳು ಬಂದು ಕೂರುತ್ತವೆ. ವೆಬ್‌ಗೆ ಈ ಪಾಠ ಮೊದಲೇ ಆಗಿತ್ತು. ತೊಂಬತ್ತರ ದಶಕದಲ್ಲಿ ಪುಟ ಬರೆಯುವವರೇ ತಮ್ಮ ಪುಟದ ಒಳಗೆ, ಓದುಗರಿಗೆ ಕಾಣದಂತೆ, ‘ಕೀವರ್ಡ್’ಗಳನ್ನು ಸೇರಿಸಬಹುದಿತ್ತು. ಹುಡುಕುವಾಗ ಮೇಲೆ ಬರಲೆಂದು ಅಲ್ಲಿ ಎಷ್ಟು ಕಸ ತುರುಕಿದರೆಂದರೆ, ಆ ಕೀವರ್ಡ್‌ಗಳನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲಿ ಸಾರಿಬಿಟ್ಟಿತು. ನಿಮ್ಮ ಪಟ್ಟಿಯಲ್ಲಿ ‘ವೈರಲ್’, ‘ಟ್ರೆಂಡಿಂಗ್’ ಎರಡೂ ಇವೆ. ಅಳಿಸಬೇಕಾದ ಟ್ಯಾಗ್ ಎಂದು ನಾನು ಧೈರ್ಯವಾಗಿ ಹೇಳುವುದು ಅವೆರಡನ್ನೇ.

ಉಳಿದವನ್ನು ಮುಟ್ಟುವ ಮೊದಲು ಒಂದೇ ಒಂದು ಫೋಟೊವನ್ನು ಹತ್ತಿರದಿಂದ ನೋಡೋಣ. ನೀವು ಕಳಿಸಿದ್ದರಲ್ಲಿ ಒಂದಕ್ಕೆ ಈ ಟ್ಯಾಗ್‌ಗಳಿವೆ: ‘ಕರ್ಣ’, ‘ಚೌಕಿ’, ‘ಬಡಗು’, ‘ಅಜ್ಜ’, ‘ಮಸುಕು’, ‘ಕೇಳಬೇಕು’. ಗೋಲ್ಡರ್ ಮತ್ತು ಹ್ಯೂಬರ್ಮನ್ ಟ್ಯಾಗ್‌ಗಳು ಮಾಡುವ ಕೆಲಸವನ್ನು ಏಳು ಬಗೆಯಾಗಿ ವಿಂಗಡಿಸಿದ್ದರು. ಅದರಲ್ಲಿ ನಾಲ್ಕೈದು ಈ ಆರು ಪದಗಳಲ್ಲೇ ಸಿಗುತ್ತವೆ. ‘ಕರ್ಣ’, ‘ಚೌಕಿ’ (ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ) ಫೋಟೊದಲ್ಲಿ ಏನಿದೆ ಎನ್ನುತ್ತವೆ. ‘ಬಡಗು’ ಎಂಬ ಯಕ್ಷಗಾನ ಶೈಲಿಯ ಹೆಸರು ಅದನ್ನು ಇನ್ನಷ್ಟು ಕರಾರುವಾಕ್ಕು ಮಾಡುತ್ತದೆ. ‘ಮಸುಕು’ ಗುಣ ಹೇಳುತ್ತದೆ. ‘ಕೇಳಬೇಕು’ ಎನ್ನುವುದು ಕೆಲಸದ ನೆನಪು, ಯಾರನ್ನೋ ಏನನ್ನೋ ವಿಚಾರಿಸಬೇಕಿತ್ತು. ‘ಅಜ್ಜ’ ಎನ್ನುವುದು ಏರಿಸಿದವರಿಗೆ ಮಾತ್ರ ಅರ್ಥವಾಗುವ ಟ್ಯಾಗ್.

ಪಟ್ಟಿ ಮಾಡಿ ಕಟ್ಟುಮಾಡಿದರೆ ಮೊದಲು ಹೊರಗೆ ಬೀಳುವುದು ‘ಅಜ್ಜ’ ಮತ್ತು ‘ಕೇಳಬೇಕು’. ಆದರೆ ಈ ಫೋಟೊದ ಮಟ್ಟಿಗೆ ನನಗೆ ಬಹಳ ಬೆಲೆಯುಳ್ಳದ್ದೆಂದು ಕಂಡದ್ದು ಅವೇ. ‘ಅಜ್ಜ’ ಎಂದು ಹಾಕಿದವರು ಯಾರೆಂದು ತಾಣಕ್ಕೆ ಗೊತ್ತು. ಅಂದಮೇಲೆ ಆ ಕರ್ಣನ ವೇಷಧಾರಿ ಯಾರ ಮನೆಯವರು ಎಂಬುದು ಒಂದು ಫೋನಿನ ದೂರದಲ್ಲಿದೆ. ‘ಕೇಳಬೇಕು’ ಇರುವ ಫೋಟೊಗಳನ್ನೆಲ್ಲ ಒಟ್ಟಿಗೆ ತೆಗೆದರೆ ಮುಂದಿನ ಭಾನುವಾರ ಹಿರಿಯ ಭಾಗವತರೊಬ್ಬರ ಮುಂದೆ ಇಡಬೇಕಾದ ಕಂತೆ ತಾನಾಗಿ ತಯಾರಾಗುತ್ತದೆ.

ನಿಮ್ಮಂಥದೇ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರ ಜನವರಿಯಲ್ಲಿ ತನ್ನ ಹಳೆಯ ಫೋಟೊಗಳಲ್ಲಿ ಮೂರು ಸಾವಿರದಷ್ಟನ್ನು ಫ್ಲಿಕರ್‌ಗೆ ಹಾಕಿ, ಯಾರು ಬೇಕಾದರೂ ಟ್ಯಾಗ್ ಹಾಕಿ ಎಂದು ಬಿಟ್ಟಿತು. ಅಂದರೆ ಕಿರಿದಾದ ತಾಣವನ್ನು ವಿಶಾಲ ಮಾಡಲು ನೋಡಿತು. ಅಕ್ಟೋಬರ್ ಹೊತ್ತಿಗೆ ಫೋಟೊಗಳ ಸಂಖ್ಯೆ 4,615ಕ್ಕೆ ಏರಿತ್ತು, ಅದೂ ಹೆಚ್ಚುಕಡಿಮೆ ನಿಮ್ಮಷ್ಟೇ. 2,518 ಖಾತೆಗಳಿಂದ 67,176 ಟ್ಯಾಗ್‌ಗಳು ಬಂದಿದ್ದವು. ಒಂದೂ ಟ್ಯಾಗ್ ಇಲ್ಲದೆ ಉಳಿದ ಫೋಟೊಗಳು ನೂರೂ ಇರಲಿಲ್ಲ. ಕಿಡಿಗೇಡಿತನಕ್ಕೆ ಹೆದರಿದ್ದವರಿಗೂ ಉತ್ತರ ಸಿಕ್ಕಿತು: ಅನುಚಿತವೆಂದು ತೆಗೆದುಹಾಕಬೇಕಾಗಿ ಬಂದದ್ದು ಇಪ್ಪತ್ತೈದಕ್ಕೂ ಕಡಿಮೆ.

ಈ ಕಥೆಯಲ್ಲಿ ನಿಮಗೆ ಬೇಕಾದ ಭಾಗ ಬೇರೆ ಇದೆ. ಗ್ರಂಥಾಲಯದವರು ಜನ ಕೊಟ್ಟ ಮಾಹಿತಿಯನ್ನು ಪರಿಶೀಲಿಸಿ 500ಕ್ಕೂ ಹೆಚ್ಚು ಫೋಟೊಗಳ ಅಧಿಕೃತ ವಿವರವನ್ನು ತಿದ್ದಿಕೊಂಡರು. ಊರು ಯಾವುದು, ಆ ಕಟ್ಟಡ ಯಾವುದು, ಮನುಷ್ಯ ಯಾರು ಎಂಬಂಥ ವಿವರ ಟ್ಯಾಗ್‌ಗಿಂತ ಹೆಚ್ಚಾಗಿ ಬಂದದ್ದು ಫೋಟೊದ ಕೆಳಗಿನ ಮಾತುಕತೆಯಿಂದ. ಸಹಜವೇ. ‘ಇವರು ಇಂಥವರಲ್ಲ, ಅವರ ತಮ್ಮ, ಕಿರೀಟ ನೋಡಿದರೆ ಗೊತ್ತಾಗುತ್ತದೆ’ ಎಂಬುದನ್ನು ಟ್ಯಾಗ್‌ನಲ್ಲಿ ಹೇಳಲಾಗುವುದಿಲ್ಲ. ಹಾಗಾಗಿ ನಿಮ್ಮ ತಾಣದಲ್ಲಿ ಕಾಮೆಂಟ್ ಮುಚ್ಚಿದ್ದರೆ ಮೊದಲು ತೆರೆಯಿರಿ. ಹಾಗೆಯೇ ನಿಮ್ಮ ಇಪ್ಪತ್ತೂ ಜನರಿಗೆ ಇನ್ನೊಬ್ಬರ ಫೋಟೊಕ್ಕೆ ಟ್ಯಾಗ್ ಹಾಕುವ ಅನುಮತಿ ಕೊಡಿ. ಒಂದು ಫೋಟೊಕ್ಕೆ ನೂರು ಜನ ಸಿಗದಿದ್ದರೂ ಮೂವರು ಸಿಕ್ಕರೆ ‘ಆಟ’ದ ಪಕ್ಕದಲ್ಲಿ ‘ಯಕ್ಷಗಾನ’ ಬಂದೇ ಬರುತ್ತದೆ.

ಇನ್ನು ಜೋಡಿಸುವ ಕೆಲಸ. ಇದರಲ್ಲಿ ನಾನು ಮೆಚ್ಚಿಕೊಂಡಿರುವುದು ದೊಡ್ಡ ಕಂಪನಿಗಳ ತಾಣಗಳನ್ನಲ್ಲ, ಅಭಿಮಾನಿಗಳು ತಾವೇ ನಡೆಸುವ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಕಥೆಗಳ ಸಂಗ್ರಹವನ್ನು. ತಮಗಿಷ್ಟದ ಪುಸ್ತಕ, ಸಿನಿಮಾಗಳ ಪಾತ್ರಗಳನ್ನು ಇಟ್ಟುಕೊಂಡು ಜನ ಬರೆದ ಕಥೆಗಳು ಅಲ್ಲಿವೆ. 2009ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡು 2019ರಲ್ಲಿ ವೈಜ್ಞಾನಿಕ ಕಥಾಲೋಕದ ಹ್ಯೂಗೊ ಪ್ರಶಸ್ತಿಯನ್ನೂ ಗೆದ್ದಿತು. ಅಲ್ಲಿ ಬರೆದವರು ಬೇಕಾದ ಟ್ಯಾಗ್ ಹಾಕಬಹುದು, ಇಡೀ ವಾಕ್ಯವನ್ನೇ ಹಾಕುವವರೂ ಇದ್ದಾರೆ. ಯಾರೂ ತಡೆಯುವುದಿಲ್ಲ. ಹಿಂದೆ ಸ್ವಯಂಸೇವಕರ ಒಂದು ತಂಡ ಕೂತಿರುತ್ತದೆ. ಅವರು ಆ ಟ್ಯಾಗ್‌ಗಳನ್ನು ಓದಿ, ಒಂದೇ ಅರ್ಥದವನ್ನೆಲ್ಲ ಒಂದು ಮುಖ್ಯ ಟ್ಯಾಗ್‌ಗೆ ಕಟ್ಟುತ್ತಾರೆ. ಬರೆದವರ ಟ್ಯಾಗ್ ಬರೆದ ಹಾಗೇ ಅವರ ಕಥೆಯ ಮೇಲೆ ಉಳಿಯುತ್ತದೆ, ಅಕ್ಷರವೂ ಬದಲಾಗುವುದಿಲ್ಲ. ಹುಡುಕುವವರು ಮಾತ್ರ ಯಾವ ರೂಪ ಒತ್ತಿದರೂ ಒಂದೇ ರಾಶಿಗೆ ಬಂದು ಸೇರುತ್ತಾರೆ. ಅದಲ್ಲದೆ ಚಿಕ್ಕದನ್ನು ದೊಡ್ಡದರ ಅಡಿಗೂ ತರುತ್ತಾರೆ. ನಿಮ್ಮ ಲೆಕ್ಕದಲ್ಲಿ ‘ಪುಂಡುವೇಷ’, ‘ಸ್ತ್ರೀವೇಷ’, ‘ಬಣ್ಣದ ವೇಷ’ ಮೂರೂ ‘ವೇಷ’ದ ಅಡಿಯಲ್ಲಿ ಬಂದಂತೆ.

ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದವರ ದಾರಿ ಬೇರೆ. ಅಲ್ಲಿ ಒಂದು ಪ್ರಶ್ನೆಗೆ ಐದೇ ಟ್ಯಾಗ್, ಹೊಸ ಟ್ಯಾಗ್ ಹುಟ್ಟುಹಾಕಲು 1,500 ಅಂಕಗಳಷ್ಟು ಹೆಸರು ಗಳಿಸಿರಬೇಕು. ಪ್ರೋಗ್ರಾಮರ್‌ಗಳ ಲೋಕದಲ್ಲಿ ಅದು ನಡೆಯುತ್ತದೆ, ಭಾಷೆ ಉಪಕರಣಗಳ ಹೆಸರು ಮೊದಲೇ ನಿಗದಿಯಾಗಿರುತ್ತದೆ. ಎಪ್ಪತ್ತು ದಾಟಿದ ಮದ್ದಲೆಗಾರರೊಬ್ಬರು ಮೊಮ್ಮಗನ ಫೋನಿನಲ್ಲಿ ಫೋಟೊ ಏರಿಸುವಾಗ ‘ಈ ಟ್ಯಾಗ್‌ಗೆ ಅನುಮತಿ ಇಲ್ಲ’ ಎಂದು ಬಂದರೆ ಅವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ನಿಮ್ಮ ಪಟ್ಟಿಯನ್ನು ಜೋಡಿಸಲು ಕೂತರೆ ಮೊದಲು ಎದುರಾಗುವುದು ಬರೀ ಅಕ್ಷರದ ತೊಡಕು. ಇಂಗ್ಲಿಷ್ ಲಿಪಿಯಲ್ಲಿ ಯಕ್ಷಗಾನವನ್ನು ನಾಲ್ಕು ರೀತಿ ಬರೆದಿದ್ದೀರಿ. ಊರಿನ ಹೆಸರುಗಳಲ್ಲಿ 2014ರ ನವೆಂಬರ್ 1ರ ಗೆರೆ ಇದೆ: ಅಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದ್ದರಿಂದ ಮಂಗಳೂರು, ಶಿವಮೊಗ್ಗಗಳಿಗೆ ಹಳೆಯ ರೂಪ, ಹೊಸ ರೂಪ ಎರಡೂ ಬಿದ್ದಿವೆ. ಇವೆಲ್ಲ ಕಣ್ಣಿಗೆ ಕಾಣುವಂಥವು, ಜೋಡಿಸಿದರಾಯಿತು. ಕಾಣದ ಒಂದು ಕಾಟವಿದೆ, ಅದು ಕನ್ನಡದಲ್ಲಿ ಕೆಲಸ ಮಾಡುವ ಯಾರನ್ನೂ ಬಿಡುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ‘ಟೆಂಟ್’ ಎರಡು ಸಲ ಇದೆ. ಒಂದರಲ್ಲಿ ಮೂವತ್ತು ಚಿಲ್ಲರೆ ಫೋಟೊ, ಇನ್ನೊಂದರಲ್ಲಿ ಹತ್ತು. ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣದು. ಎರಡನ್ನೂ ಎಕ್ಸೆಲ್‌ಗೆ ಹಾಕಿ ಉದ್ದ ಅಳೆಯುವ ‘ಲೆನ್’ ಸೂತ್ರ ಕೊಡಿ: ಒಂದಕ್ಕೆ 5, ಇನ್ನೊಂದಕ್ಕೆ 6 ಬರುತ್ತದೆ. ಆರನೆಯದು ಜ಼ಡ್‌ಡಬ್ಲ್ಯುಎನ್‌ಜೆ ಎಂಬ ಅಗೋಚರ ಅಕ್ಷರ. ಅರ್ಧಾಕ್ಷರದ ಮುಂದೆ ಇನ್ನೊಂದು ವ್ಯಂಜನ ಬಂದಾಗ ಒತ್ತಾಗದಂತೆ ತಡೆಯುವುದು ಅದರ ಕೆಲಸ. ಕೆಲವು ಕೀಬೋರ್ಡ್‌ಗಳಲ್ಲಿ ಅದು ಪದದ ಕೊನೆಯಲ್ಲೂ ಸುಮ್ಮನೆ ಉಳಿದುಬಿಡುತ್ತದೆ. ಯಂತ್ರಕ್ಕೆ ಅದೂ ಒಂದು ಅಕ್ಷರವೇ, ಆದ್ದರಿಂದ ಟ್ಯಾಗ್ ಬೇರೆಯೇ. ‘ಆಚಾರ್ಯ’ ಎಂಬ ಹೆಸರಿನ ಕಲಾವಿದರದೂ ಇದೇ ಗತಿ: ಅರ್ಕಾವತ್ತು ಕೊಟ್ಟು ಬರೆದದ್ದು ಒಂದು, ‘ಆಚಾರ‍್ಯ’ ಎಂದು ರ-ಕಾರಕ್ಕೆ ಯ-ಒತ್ತು ಕೊಟ್ಟದ್ದು ಇನ್ನೊಂದು. ಓದುವಾಗ ಎರಡೂ ಒಂದೇ, ಯಂತ್ರದ ಒಳಗೆ ಎರಡು.

ಇದಕ್ಕೆ ಮದ್ದು ಸುಲಭ. ಟ್ಯಾಗ್‌ಗಳ ಕಾಲಮಿನ ಪಕ್ಕದಲ್ಲಿ ಹೋಲಿಕೆಗೆಂದೇ ಇನ್ನೊಂದು ಕಾಲಮ್ ಮಾಡಿ. ಅದರಲ್ಲಿ ‘ಸಬ್‌ಸ್ಟಿಟ್ಯೂಟ್’ ಸೂತ್ರ ಬಳಸಿ ಯೂನಿಕೋಡ್ 8204 ಮತ್ತು 8205ನೇ ಅಕ್ಷರಗಳನ್ನು ಕಳೆದುಬಿಡಿ. ಈಗ ಒಂದೇ ಆದವು ಪಕ್ಕಪಕ್ಕದಲ್ಲಿ ಬಂದು ನಿಲ್ಲುತ್ತವೆ. ಮೂಲ ಕಾಲಮಿನಲ್ಲಿ ಮಾತ್ರ ಇದನ್ನು ಮಾಡಬೇಡಿ, ಪದದ ನಡುವೆ ಅದು ಬೇಕಾಗಿಯೇ ಇರುತ್ತದೆ. ಕಳೆದರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತಾರೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೆಯೇ ತಂದು ಅಂಟಿಸಿದ ಟ್ಯಾಗ್‌ಗಳೂ ಒಂದಷ್ಟು ಇವೆ, ಗಜಿಬಿಜಿ ಇಂಗ್ಲಿಷ್ ಅಕ್ಷರಗಳಂತೆ ಕಾಣುವವು ಅವೇ. ಅವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತನ್ನಿ.

ಅಕ್ಷರದ ಕೆಲಸ ಮುಗಿದ ಮೇಲೆ ಅರ್ಥದ ಕೆಲಸ. ಇಲ್ಲಿ ಕೈ ಸ್ವಲ್ಪ ತಡೆಯಬೇಕು. ಟ್ಯಾಗ್‌ಗಳ ಪರವಾಗಿ 2005ರಲ್ಲಿ ಬಲವಾಗಿ ವಾದಿಸಿದ ಅಮೆರಿಕದ ಬರಹಗಾರ ಕ್ಲೇ ಶರ್ಕಿ ಒಂದು ಎಚ್ಚರಿಕೆ ಕೊಟ್ಟಿದ್ದರು. ‘ಮೂವಿ’, ‘ಫಿಲ್ಮ್’, ‘ಸಿನಿಮಾ’ ಮೂರೂ ಒಂದೇ ಎಂದು ಸೇರಿಸಿಬಿಡುವುದು ಸುಲಭ, ಆದರೆ ಆ ಮೂರು ಪದ ಬಳಸುವ ಜನ ಬೇರೆಬೇರೆ, ಸೇರಿಸಿದರೆ ಆ ಭೇದವೇ ಅಳಿಸಿಹೋಗುತ್ತದೆ ಎಂಬುದು ಅವರ ವಾದ. ನಿಮ್ಮಲ್ಲಿ ಇದಕ್ಕೆ ಸರಿಯಾಗಿ ಕೂರುವ ಪದ ‘ಬಯಲಾಟ’. ನಿಮ್ಮ ಕಡೆ ಹಾಗೆಂದರೆ ಬಯಲಲ್ಲಿ ರಾತ್ರಿಯಿಡೀ ನಡೆಯುವ ಆಟ, ಡೇರೆ ಮೇಳದ ಟಿಕೆಟ್ ಆಟಕ್ಕಿಂತ ಬೇರೆ ಎಂಬ ಅರ್ಥವೂ ಅದರಲ್ಲಿದೆ. ಉತ್ತರ ಕರ್ನಾಟಕದಲ್ಲಿ ಅದೇ ಪದಕ್ಕೆ ದೊಡ್ಡಾಟ, ಸಣ್ಣಾಟಗಳು ನೆನಪಾಗುತ್ತವೆ. ರಾಜ್ಯದಲ್ಲಿ ಯಕ್ಷಗಾನಕ್ಕೂ ಬಯಲಾಟಕ್ಕೂ ಬೇರೆಬೇರೆ ಅಕಾಡೆಮಿಗಳೇ ಇವೆ. ‘ಬಯಲಾಟ’ವನ್ನು ‘ಯಕ್ಷಗಾನ’ಕ್ಕೆ ಕಣ್ಣುಮುಚ್ಚಿ ಸೇರಿಸಿದರೆ, ಬಯಲಲ್ಲಿ ನಡೆದ ಹರಕೆ ಆಟ ಯಾವುದು, ಡೇರೆ ಆಟ ಯಾವುದು ಎಂದು ಮುಂದೆ ಯಾರಾದರೂ ತಿಳಿಯಹೊರಟಾಗ ದಾರಿ ಮುಚ್ಚಿರುತ್ತದೆ. ‘ಬಯಲಾಟ’ವನ್ನು ‘ಯಕ್ಷಗಾನ’ದ ಅಡಿಗೆ ತನ್ನಿ, ಅದರೊಂದಿಗೆ ಸಮಮಾಡಬೇಡಿ. ‘ಆಟ’ ಮಾತ್ರ ನಿಮ್ಮ ಸಂಗ್ರಹದಲ್ಲಿ ಯಕ್ಷಗಾನವೇ, ಅದನ್ನು ಸಮಮಾಡಬಹುದು. ಆದರೆ ಮಕ್ಕಳ ಕ್ರೀಡಾಕೂಟದ ಎರಡು ಫೋಟೊ ಹೇಗೋ ಒಳಗೆ ನುಗ್ಗಿವೆ, ಅವನ್ನು ಮೊದಲು ಹೊರಗೆ ಹಾಕಿ. ಪರಿಹಾರ ನಿಮ್ಮ ಸಂಗ್ರಹಕ್ಕಷ್ಟೇ ಒಪ್ಪುವಂಥದ್ದಾದರೂ ಅಡ್ಡಿಯಿಲ್ಲ, ನೀವು ಜಗತ್ತನ್ನೆಲ್ಲ ವಿಂಗಡಿಸಲು ಹೊರಟಿಲ್ಲ.

ಇದನ್ನೆಲ್ಲ ಮಾಡಿದರೂ ‘ಕರ್ಣ’ ಎಂದು ಹುಡುಕಿದವರಿಗೆ ತೆಂಕು, ಬಡಗು ಶೈಲಿಗಳು, 1970, 1995 ಎಲ್ಲ ಕಲಸಿ ಬರುತ್ತವೆ. ಇದು ಟ್ಯಾಗ್‌ನ ಹುಟ್ಟುಗುಣ. ಅದು ಚಪ್ಪಟೆ, ಯಾವ ಪದ ಯಾವ ಪ್ರಶ್ನೆಗೆ ಉತ್ತರ ಎಂದು ಅದಕ್ಕೆ ಗೊತ್ತಿಲ್ಲ. ಇಲ್ಲಿ ನಮ್ಮವರೇ ಒಬ್ಬರನ್ನು ನೆನೆಯಬೇಕು. ಪುಸ್ತಕಗಳನ್ನು ವಿಂಗಡಿಸುವ ಕೋಲನ್ ವರ್ಗೀಕರಣವನ್ನು 1933ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು, 1962ರಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ತರಬೇತಿ ಕೇಂದ್ರವನ್ನು ಇಲ್ಲೇ ಶುರುಮಾಡಿದರು. ಒಂದು ವಿಷಯವನ್ನು ಮರದ ಒಂದೇ ಕೊಂಬೆಗೆ ನೇತುಹಾಕುವ ಬದಲು ಹಲವು ಮುಖಗಳಿಂದ ಗುರುತಿಸಿ, ಆ ಮುಖಗಳನ್ನು ಬೇಕಾದ ಹಾಗೆ ಜೋಡಿಸಿಕೊಳ್ಳಿ ಎಂಬುದು ಅವರ ವಿಚಾರ. ಕಾಲ ಮತ್ತು ಸ್ಥಳ ಅವರ ಐದು ಮೂಲ ಮುಖಗಳಲ್ಲಿ ಎರಡು. ಫೋನು, ಫ್ರಿಜ್ ಮಾರುವ ತಾಣಗಳಲ್ಲಿ ಬೆಲೆ ಇಷ್ಟು, ಕಂಪನಿ ಇದು, ಬಣ್ಣ ಇದು ಎಂದು ಪಕ್ಕದಲ್ಲಿ ಸೋಸುವ ಪಟ್ಟಿ ಬರುತ್ತದಲ್ಲ, ಅದರ ಬೇರು ಇದೇ ವಿಚಾರದಲ್ಲಿದೆ.

ಜೋಡಿಸುವ ತಂಡ ನಿಮ್ಮ ಮುಖ್ಯ ಟ್ಯಾಗ್‌ಗಳನ್ನು ಹೀಗೆ ಮುಖಗಳಾಗಿ ಒಡೆಯಲಿ: ತಿಟ್ಟು (ತೆಂಕು ಅಥವಾ ಬಡಗು), ಮೇಳ, ಪ್ರಸಂಗ, ಪಾತ್ರ, ಕಲಾವಿದರು, ಊರು, ಕಾಲ. ತಾಣದಲ್ಲಿ ಬೇರೆಬೇರೆ ಅಂಕಣ ಇಲ್ಲದಿದ್ದರೆ ಟ್ಯಾಗ್‌ನೊಳಗೇ ಸೇರಿಸಿ: ‘ತಿಟ್ಟು:ಬಡಗು’, ‘ಪಾತ್ರ:ಕರ್ಣ’. ಫ್ಲಿಕರ್‌ನಲ್ಲಿ ನಕ್ಷೆಯ ಸೌಲಭ್ಯ ಬರುವ ಮೊದಲೇ ಜನ ಅಕ್ಷಾಂಶ ರೇಖಾಂಶಗಳನ್ನು ಹೀಗೆ ಟ್ಯಾಗ್‌ನಲ್ಲಿ ತುಂಬುತ್ತಿದ್ದರು. ತಾಣದವರೇ 2007ರಲ್ಲಿ ಅದಕ್ಕೆ ‘ಮಷೀನ್ ಟ್ಯಾಗ್’ ಎಂದು ಮಾನ್ಯತೆ ಕೊಟ್ಟರು. 2004ರಲ್ಲಿ ಶುರುವಾದ, ಜನರೇ ಸೇರಿ ಕಟ್ಟುವ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಇಡಿಯಾಗಿ ನಿಂತಿರುವುದೇ ಇಂಥ ಜೋಡಿಗಳ ಮೇಲೆ. ನಿಮ್ಮೂರಿನ ರಸ್ತೆಯ ಕನ್ನಡ ಹೆಸರಿಗೆ ಅಲ್ಲಿ ಬೇರೆಯೇ ಒಂದು ಕೀಲಿ (ಜೋಡಿಯ ಮೊದಲ ಪದ) ಇದೆ, ಯಾರು ಬೇಕಾದರೂ ತುಂಬಬಹುದು. ಫೋಟೊ ಏರಿಸುವವರಿಗೆ ಇದನ್ನು ಕಲಿಸಲು ಹೋಗಬೇಡಿ. ಅವರದು ‘ಅಜ್ಜ’, ‘ಚೌಕಿ’ ಇದ್ದರೆ ಸಾಕು.

ಕಾಲದ ಬಗ್ಗೆ ಒಂದು ಮಾತು. ‘1978’ ಎಂಬ ಟ್ಯಾಗ್ ಕೆಲವು ಕಡೆ ಆಟ ನಡೆದ ವರ್ಷ, ಕೆಲವು ಕಡೆ ಮೇಳ ಶುರುವಾದ ವರ್ಷ ಎಂದು ನಿಮ್ಮ ಟಿಪ್ಪಣಿಯಲ್ಲೇ ಇದೆ. ವರ್ಷ ಖಚಿತವಿಲ್ಲದಿದ್ದರೆ ‘ಕಾಲ:1970ರ ದಶಕ’ ಎಂದು ಹಾಕಿ. ಊಹೆಯನ್ನು ಖಚಿತ ಸಂಖ್ಯೆಯಾಗಿ ಬರೆದುಬಿಟ್ಟರೆ ಮುಂದೆ ಯಾರೂ ಅದನ್ನು ಪ್ರಶ್ನಿಸುವುದಿಲ್ಲ.

ಯಂತ್ರವೇ ಟ್ಯಾಗ್ ಹಾಕಿಕೊಡುವುದಿಲ್ಲವೇ ಎಂದು ನಿಮ್ಮಲ್ಲೊಬ್ಬರು ಕೇಳಿದ್ದಾರಂತೆ. ಹಾಕುತ್ತದೆ: ‘ನೃತ್ಯ’, ‘ವೇಷಭೂಷಣ’, ‘ರಾತ್ರಿ’, ‘ಜನ’. ನಾಲ್ಕು ಸಾವಿರಕ್ಕೂ ಒಪ್ಪುವ ಟ್ಯಾಗ್‌ನಿಂದ ಹುಡುಕಲು ಏನೂ ಸಿಗದು. ಫ್ಲಿಕರ್ 2015ರಲ್ಲಿ ಇದನ್ನು ತಂದಾಗ ಡಾಹೌ ನಾಜಿ ಶಿಬಿರದ ಗೇಟಿನ ಫೋಟೊಕ್ಕೆ ಮಕ್ಕಳ ಆಟದ ಸಲಕರಣೆಯ ಟ್ಯಾಗ್ ಬಿದ್ದು ದೊಡ್ಡ ರಾದ್ಧಾಂತವಾಗಿತ್ತು. ತಂತ್ರಜ್ಞಾನ ಈಗ ಬಹಳ ಸುಧಾರಿಸಿದೆ, ಒಪ್ಪೋಣ. ಆದರೂ ಮಸುಕಾದ ಕಪ್ಪುಬಿಳುಪು ಫೋಟೊದಲ್ಲಿ ಕೇದಗೆ ಮುಂದಲೆ ಎಂಬ ತಲೆಯ ಅಲಂಕಾರ ನೋಡಿ ಇದು ಬಡಗು ಎನ್ನಲು ನಿಮ್ಮ ಇಪ್ಪತ್ತು ಜನರ ಕಣ್ಣನ್ನೇ ನಂಬುತ್ತೇನೆ. ಯಂತ್ರದಿಂದ ಹಾಕಿಸುವುದಾದರೆ ಯಾವುದು ಯಂತ್ರದ್ದು, ಯಾವುದು ಮನುಷ್ಯರದ್ದು ಎಂದು ಗುರುತು ಇರಲಿ.

ಕೆಲಸ ಶುರುಮಾಡಲು ನಾಲ್ಕು ಸಾವಿರ ಫೋಟೊ ಮುಟ್ಟುವ ಅಗತ್ಯವಿಲ್ಲ. ಟ್ಯಾಗ್‌ಗಳನ್ನು ಬಳಕೆಯ ಸಂಖ್ಯೆಯ ಪ್ರಕಾರ ಇಳಿಕೆಯಲ್ಲಿ ಜೋಡಿಸಿ. ಮೇಲಿನ ನೂರನ್ನು ಮಾತ್ರ ಕೂತು ಕಟ್ಟಿ, ಹುಡುಕಾಟದ ಬಹುಪಾಲು ಅಷ್ಟರಲ್ಲೇ ಸುಧಾರಿಸುತ್ತದೆ. ಒಂದೇ ಸಲ ಬಳಕೆಯಾದ ಪದಗಳ ಉದ್ದನೆಯ ಬಾಲ ಎಲ್ಲ ತಾಣಗಳಲ್ಲೂ ಇರುತ್ತದೆ, ಅದನ್ನು ಹಾಗೇ ಬಿಡಿ. ಇಂಥ ಟ್ಯಾಗ್ ಇದಕ್ಕೆ ಸಮ, ಇದು ಅದರ ಅಡಿಗೆ ಎಂದು ತೀರ್ಮಾನಿಸಿದ್ದನ್ನೆಲ್ಲ ಕಾರಣ ಸಮೇತ ಒಂದು ಹಾಳೆಯಲ್ಲಿ ಬರೆದಿಡಿ, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ‘ಬಯಲಾಟ’ದ ಚರ್ಚೆಯೇ ಮತ್ತೆ ಮೊದಲಿಂದ ಶುರುವಾಗುತ್ತದೆ.

ಕೊನೆಗೆ, ನೀವು ಕೇಳದ ಆದರೆ ನಾನು ಹೇಳಲೇಬೇಕಾದ ಒಂದು ಸಂಗತಿ. ಡೆಲಿಶಿಯಸ್ ಅನ್ನು ಯಾಹೂ 2005ರಲ್ಲಿ ಕೊಂಡಿತು, 2011ರಲ್ಲಿ ಮಾರಿತು. ಹೊಸ ಒಡೆಯರು ತಾಣವನ್ನು ಬದಲಿಸಿದಾಗ ಓರೆಗೆರೆ (/) ಇರುವ ಟ್ಯಾಗ್‌ಗಳನ್ನು ಹುಡುಕಲಾಗದೆ, ವರ್ಷಗಟ್ಟಲೆ ಆ ಗೆರೆಯನ್ನು ನೆಚ್ಚಿ ವಿಂಗಡಿಸಿಕೊಂಡಿದ್ದವರ ಶ್ರಮ ಕೆಟ್ಟಿತು. ಮತ್ತೆ ಹಲವು ಕೈ ಬದಲಾಗಿ 2017ರಲ್ಲಿ ಪಿನ್‌ಬೋರ್ಡ್ ಎಂಬ ಪ್ರತಿಸ್ಪರ್ಧಿ ತಾಣದವರು ಅದನ್ನು 35,000 ಡಾಲರ್‌ಗೆ ಕೊಂಡುಕೊಂಡರು. ನಿಮ್ಮ ಟ್ಯಾಗ್‌ಗಳು ಇಂದು ಇರುವುದು ಇನ್ನೊಬ್ಬರ ಸರ್ವರ್‌ನಲ್ಲಿ, ಅವರ ದಯೆಯಲ್ಲಿ. ತಿಂಗಳಿಗೊಮ್ಮೆ ಫೋಟೊದ ಹೆಸರು, ಹಾಕಿದವರು, ಟ್ಯಾಗ್, ಕಾಮೆಂಟ್ ಎಲ್ಲವನ್ನೂ ಇಳಿಸಿ ಸಾದಾ ಸಿಎಸ್‌ವಿ ಕಡತವಾಗಿ ಇಟ್ಟುಕೊಳ್ಳಿ. ಮುಖ್ಯ ಟ್ಯಾಗ್‌ಗಳನ್ನು ಫೋಟೊ ಕಡತದ ಒಳಗೇ ಬರೆಯುವ ಸೌಲಭ್ಯ ಬಹುತೇಕ ಫೋಟೊ ತಂತ್ರಾಂಶಗಳಲ್ಲಿದೆ, ಐಪಿಟಿಸಿ ಕೀವರ್ಡ್ ಎಂಬ ಜಾಗ ನೋಡಿ. ಅಲ್ಲಿ ಬರೆದದ್ದು ಫೋಟೊ ಹೋದಲ್ಲಿಗೆಲ್ಲ ಜೊತೆಗೆ ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಮಾತ್ರ ಅದು ಉದುರಿಹೋಗುತ್ತದೆ. ಆದ್ದರಿಂದ ಮೂಲ ಸ್ಕ್ಯಾನ್‌ಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಕೊಡಿ.